ವರ್ಷವರ್ಷಕ್ಕೂ ಬೆಳೆದ ಹೊಡೆತ

ಔರಾದ ಶಹಾಜನಿಯ ಸಂತೆಯಲ್ಲಿ ಅರಿವೆ ಕೊಳ್ಳುವಾಗ ನಾನು ಅರಿವೆ ನೋಡುವುದಿಲ್ಲ, ಮಾರುವವನ ಕೈ ನೋಡುತ್ತೇನೆ. ಅಲ್ಲಿ ಗಜಕೋಲು ಇಟ್ಟವರು ಕಡಿಮೆ. ಮೊಣಕೈ ಮಡಚಿ ಮೊಳ ಹಾಕಿ ಕೊಡುವವರೇ ಹೆಚ್ಚು. ಗಿಡ್ಡನೆಯವನು ಅಳೆದು ಕೊಟ್ಟರೆ ನನ್ನ ಕುಪ್ಪಸದ ತೋಳು ಅರ್ಧಕ್ಕೇ ನಿಂತುಬಿಡುತ್ತದೆ. ಹೀಗಾಗಿ ಸಂತೆಯ ಈ ತುದಿಯಿಂದ ಆ ತುದಿಯವರೆಗೆ ಉದ್ದ ಕೈಯವನನ್ನು ಹುಡುಕುತ್ತ ನಡೆಯುತ್ತೇನೆ. ನಮ್ಮ ಮನೆಯವರು ಹಿಂದಿನಿಂದ ಚೀಲ ಹಿಡಿದು ಬರುತ್ತ, ಲಗ್ನಕ್ಕೆ ಮೊದಲು ನೀನು ಹೀಗೆ ಕೈ ನೋಡಿದ್ದರೆ ನಾನು ಇನ್ನೂ ಬ್ರಹ್ಮಚಾರಿಯಾಗಿಯೇ ಇರುತ್ತಿದ್ದೆ ಎನ್ನುತ್ತಾರೆ. ಅವರ ಕೈ ನಿಜಕ್ಕೂ ಗಿಡ್ಡ. ಮೇಲಿನ ಹಲಗೆಯ ಮೇಲಿರುವ ಉಪ್ಪಿನಕಾಯಿ ಭರಣಿಗೆ ನಮ್ಮ ಮನೆಯಲ್ಲಿ ನಾನೇ ಕೈ ಚಾಚಬೇಕು.

ಅಳತೆಯ ವಿಷಯದಲ್ಲಿ ನಾನು ಹುಟ್ಟಾ ಸಂಶಯದವಳಲ್ಲ. ಹುಟ್ಟಿ ಬೆಳೆದದ್ದು ಲಷ್ಕರಿನಲ್ಲಿ, ಅಂದರೆ ಸಿಕಂದರಾಬಾದಿನಲ್ಲಿ. ಅಪ್ಪ ರೈಲ್ವೆ ಗೋದಾಮಿನ ಗುಮಾಸ್ತರು. ಮೂಗಿನ ಮೇಲೆ ವಿಭೂತಿಯ ಪುಡಿ ಉದುರಿಸಿಕೊಂಡೇ ನನ್ನನ್ನು ದಿನಾ ಕಾನ್ವೆಂಟಿನ ಗೇಟಿಗೆ ಬಿಟ್ಟು ಹೋಗುತ್ತಿದ್ದರು. ಅಲ್ಲಿ ಸಿಸ್ಟರ್ ಒಬ್ಬರ ಕೈಯಲ್ಲಿ ಸದಾ ಒಂದು ಮರದ ಅಳತೆಪಟ್ಟಿ. ಲಂಗದ ಅಂಚು ನೆಲದಿಂದ ಎಷ್ಟು ಮೇಲೆ, ಹೊಲಿಗೆಯಿಂದ ಹೊಲಿಗೆಗೆ ಎಷ್ಟು ಅಂತರ, ಬೆಂಚಿನಲ್ಲಿ ನನಗೂ ಪಕ್ಕದವಳಿಗೂ ನಡುವೆ ಎಷ್ಟು ಜಾಗ, ಎಲ್ಲದಕ್ಕೂ ಅದೊಂದೇ ಪಟ್ಟಿ. ಅದು ಮೇಜಿನ ಮೇಲಿಂದ ಎಂದೂ ಅಡುಗೆಮನೆಗೆ ಹೋಗುತ್ತಿರಲಿಲ್ಲ. ಆ ಸಂಗತಿಗೆ ಎಷ್ಟು ಬೆಲೆ ಇದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಶನಿವಾರ ಸಂಜೆ ಅದೇ ಸಿಸ್ಟರ್ ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮಗೆ ರೌಂಡರ್ಸ್ ಎಂಬ ಆಟ ಆಡಿಸುತ್ತಿದ್ದರು. ಒಬ್ಬಳು ಚೆಂಡು ಎಸೆಯಬೇಕು, ಇನ್ನೊಬ್ಬಳು ಕೋಲಿನಿಂದ ಹೊಡೆದು ನಾಲ್ಕು ಗೂಟಗಳ ಸುತ್ತ ಓಡಬೇಕು. ನಾನು ಕಣ್ಣು ಮುಚ್ಚಿಕೊಂಡು ಕೋಲು ಬೀಸುವವಳು. ಒಂದು ಸಲ ಮಾತ್ರ ಚೆಂಡೇ ಬಂದು ನನ್ನ ಕೋಲಿಗೆ ತಾಗಿ, ಪ್ರಾರ್ಥನಾ ಮಂದಿರದ ಹೆಂಚಿನ ಮೇಲೆ ಕೂತುಬಿಟ್ಟಿತು. ಎಲ್ಲರೂ ಓಡು ಓಡು ಎಂದು ಕೂಗಿದರು. ನಾನು ಓಡಿದೆ, ಗೂಟಗಳ ಕಡೆಗಲ್ಲ, ಮನೆಯ ಕಡೆಗೆ.

ಇಂಥ ನನ್ನನ್ನು ನಿಲಂಗದ ಒಂದು ಮನೆಗೆ ಕೊಟ್ಟರು. ಹೊಲ, ಬಾವಿ, ಎತ್ತು, ದಪ್ಪ ಮಣ್ಣಿನ ಮಾಳಿಗೆ, ಆ ಮಾಳಿಗೆಯಲ್ಲೊಂದು ಬೆಳಕಿಂಡಿ. ಮದುವೆಯಾದ ಹೊಸದರಲ್ಲಿ ಒಂದು ಮುಂಜಾನೆ ನಾನು ಕಟ್ಟಿಗೆಯ ಕೊಣಮಿಗೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದೆ. ಬೆಳಕಿಂಡಿಯಿಂದ ಎರಡೂ ತುದಿ ಚೂಪು ಮಾಡಿದ ಒಂದು ಮರದ ತುಂಡು ಬಂದು ಹಿಟ್ಟಿನಲ್ಲಿ ನೆಟ್ಟಗೆ ನಿಂತಿತು. ಅದರ ಹಿಂದೆಯೇ ಬಾಗಿಲಲ್ಲಿ ನನ್ನ ಮೈದುನ ಶರಣಪ್ಪ.

"ವೈನಿ, ನೀವು ರೊಟ್ಟಿ ಮಾಡ್ರಿ, ವಿಟಿ ನನಗ ಕೊಡ್ರಿ," ಎಂದ.

ಅದು ನನಗೂ ಅವನಿಗೂ ನಡೆದ ಮೊದಲ ಮಾತು. ಧಾರವಾಡದ ಕಡೆ ಚಿಣಿಪಣಿ, ಮೈಸೂರಿನ ಕಡೆ ಚಿನ್ನಿದಾಂಡು ಎನ್ನುತ್ತಾರಲ್ಲ, ಅದಕ್ಕೆ ನಮ್ಮಲ್ಲಿ ಮರಾಠಿಯವರ ಸಂಗಡ ಸೇರಿ ವಿಟಿದಾಂಡು ಎನ್ನುತ್ತಾರೆ. ಸಣ್ಣ ತುಂಡು ವಿಟಿ, ಹೊಡೆಯುವ ಕೋಲು ದಾಂಡು. ನಿಮ್ಮಲ್ಲಿ ಅದು ಹುಡುಗರ ಆಟ. ನಿಲಂಗ, ಉಮರ್ಗಾ, ಉದಗೀರ ಈ ಮೂರು ಊರುಗಳ ನಡುವೆ ಮೀಸೆ ನೆರೆತವರೂ ಅದನ್ನು ಆಡುತ್ತಿದ್ದರು. ಆಡಲಾರದವರು ಕಟ್ಟೆಯ ಮೇಲೆ ಕೂತು ಅದಕ್ಕಿಂತ ಕಷ್ಟದ ಕೆಲಸ ಮಾಡುತ್ತಿದ್ದರು: ಹೊಡೆಯುವವರಲ್ಲಿ ಎಲ್ಲ ಕಾಲಕ್ಕೂ ಮೊದಲನೆಯವನು ಯಾರು, ಎರಡನೆಯವನು ಯಾರು ಎಂದು ನಿಶ್ಚಯಿಸುವುದು.

ಆ ಕಟ್ಟೆ ನಮ್ಮ ಬಾಗಿಲ ಮುಂದೆಯೇ ಇತ್ತು. ಆದ್ದರಿಂದ ಗಂಡನ ಮನೆಯ ಬಂಧುಬಳಗದ ಹೆಸರು ಕಲಿಯುವ ಮೊದಲೇ ನಾನು ಹೊಡೆತಗಾರರ ಹೆಸರು ಕಲಿತೆ. ಉದಗೀರ ಕಿಲ್ಲೆಯ ಚಾಂದಸಾಹೇಬ ವಿಟಿಯನ್ನು ರೆಪ್ಪೆಯ ಮೇಲೆ ನಿಲ್ಲಿಸಿಕೊಂಡು ಹೊಡೆಯುತ್ತಿದ್ದನಂತೆ. ಮುರುಮದ ಗಾಣದ ಮಾಣಿಕ ಒಂದು ಗಡಿಗೆ ಕಬ್ಬಿನ ಹಾಲು ಕುಡಿಯದೆ ದಾಂಡು ಮುಟ್ಟುತ್ತಿರಲಿಲ್ಲವಂತೆ. ಚಾಂದಸಾಹೇಬನ ಕಾಲದಲ್ಲಿ ವಿಟಿ ಹುಣಸೆಯದು, ಹಗುರ, ಈಗಿನಂತೆ ಜಾಲಿಯದಲ್ಲ ಎಂದು ಒಬ್ಬರು ತೆಗೆದರೆ, ಆಗ ಹಿಡಿಯುವವರೂ ಹಿಡಿಯುವವರಾಗಿದ್ದರು, ಈಗಿನವರ ಕೈಗೆ ಬೆಣ್ಣೆ ಹಚ್ಚಿದೆ ಎಂದು ಇನ್ನೊಬ್ಬರು. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು ಎನ್ನುವುದರ ಮೇಲೆ ಇಬ್ಬರು ಬೀಗರು ಮಾತು ಬಿಟ್ಟಿದ್ದರು. ಆ ಗಾಳಿ ಬೀಸಿದಾಗ ಇಬ್ಬರೂ ಹುಟ್ಟಿರಲಿಲ್ಲ.

ಇವೆಲ್ಲಕ್ಕೂ ನ್ಯಾಯ ಹೇಳುವವರು ನಮ್ಮ ಮನೆತನದ ಅಯ್ಯನವರು, ರಾಚಯ್ಯನವರು. ಲಗ್ನ, ತೊಟ್ಟಿಲು, ಸಮಾಧಿ, ವಿಟಿದಾಂಡು, ನಾಲ್ಕಕ್ಕೂ ಅವರದೇ ಮಾತು. ನಾನು ಓದಿದ ಶಾಲೆಯಲ್ಲೂ ಇಂಥದೊಂದು ಆಟವಿತ್ತು ಎಂದು ನಮ್ಮ ಮನೆಯವರು ಹೆಮ್ಮೆಯಿಂದ ಹೇಳಿದಾಗ ಅಯ್ಯನವರು ಕಣ್ಣರಳಿಸಿ, ಯಾವುದರಿಂದ ಅಳೆಯುತ್ತಿದ್ದಿರಿ ಎಂದು ಕೇಳಿದರು. ಅಳೆಯುವುದಿಲ್ಲ, ಹೊಡೆದು ಓಡುವುದು ಎಂದೆ. ಅವರ ಮುಖ ಚಿಕ್ಕದಾಯಿತು.

"ಹೊಡದಂವಾನೇ ಓಡೋದೇನವ್ವಾ? ನಮ್ಮ ಕಡಿ ಹೊಡದು ಓಡೋರಂದ್ರ ಮಂದಿ ಗಡಿಗಿ ಒಡದವರು."

ನನ್ನ ಏಕೈಕ ಹೊಡೆತದ ಕಥೆಯನ್ನು ನೆನೆದು ನಾನು ಒಳಗೆ ಓಡಿದೆ.

ಅವರ ಆಟದಲ್ಲಿ ಅಳತೆಯೇ ಪ್ರಾಣ. ಗುಳಿಯಿಂದ ವಿಟಿ ಬಿದ್ದ ಜಾಗದವರೆಗೆ ದಾಂಡನ್ನು ಉದ್ದುದ್ದಕ್ಕೆ ಮಲಗಿಸುತ್ತ ಎಣಿಸಬೇಕು: ವಕಟ, ಲೇಂಡ, ಮೂಂಡ, ನಾಲ. ಅಪ್ಪಟ ಮರಾಠಿಯವರೂ ಬೇರೆಲ್ಲ ಕಡೆ ಏಕ್ ದೋನ್ ಎನ್ನುವವರು, ವಿಟಿದಾಂಡಿಗೆ ಬಂದೊಡನೆ ಹೀಗೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಎಣಿಸುತ್ತಾರೆ. ಏಳನೆಯದು ಝಕ್ಕು, ಅಂದರೆ ಏಳು ದಾಂಡಿಗೆ ಒಂದು ಝಕ್ಕು. ಹೊಡೆತದ ದೊಡ್ಡಸ್ತಿಕೆಯನ್ನು ಹೇಳುವುದು ಝಕ್ಕುಗಳಲ್ಲಿ. ದಾಂಡಿಗೆ ಗೊತ್ತಾದ ಉದ್ದವಿಲ್ಲ. ಆಡುವವನ ಭುಜದಿಂದ ಮಣಿಕಟ್ಟಿನವರೆಗೆ ಎಷ್ಟೋ ಅಷ್ಟು. ಮತ್ತೆ ರಾಚಯ್ಯನವರ ಕಾಯಿದೆಯೊಂದಿತ್ತು: ಯಾರ ಹೊಡೆತವೋ ಅವರ ದಾಂಡಿನಿಂದಲೇ ಅಳೆಯಬೇಕು, ಇನ್ನೊಬ್ಬರದರಿಂದ ಅಳೆದದ್ದು ಅಳತೆಯಲ್ಲ.

ಎಲ್ಲರಿಗಿಂತ ಮೊದಲನೆಯವರು ನಮ್ಮ ಮಾವನವರು. ನಾನು ಬರುವ ಮೊದಲೇ ಅವರು ಲಿಂಗೈಕ್ಯರಾಗಿದ್ದರು. ತರುಣರಿದ್ದಾಗ ನಮ್ಮ ಹೊಲದಲ್ಲಿ, ಬನ್ನಿಗಿಡದ ಬುಡದ ಗುಳಿಯಿಂದ ಬಾವಿಯ ದಂಡೆಯವರೆಗೆ ಒಂದು ಹೊಡೆತ ಹೊಡೆದಿದ್ದರು. ಹನ್ನೊಂದು ಝಕ್ಕು ಎಂದು ಅವರೇ ಹೇಳುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಆ ಹೊಡೆತವನ್ನು ವರ್ಷಕ್ಕೊಮ್ಮೆ ಅಳೆಯುವ ಪದ್ಧತಿ ಬಂತು. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ, ಜೋಳದ ಕಣಿಕೆಯಿಂದ ಕೊಪ್ಪಿಯ ಗುಡಿಸಲು ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಬೆಳೆಗೆಲ್ಲ ಚರಗದ ಎಡೆ ಚೆಲ್ಲಿ ಬರುತ್ತೇವಲ್ಲ, ಅದಾದ ಮೇಲೆ ರಾಚಯ್ಯನವರು ಮಾವನವರ ದಾಂಡು ಹಿಡಿದು ಗುಳಿಯಿಂದ ಬಾವಿಯವರೆಗೆ ಅಳೆಯುತ್ತ ಹೋಗುವರು. ಸಾಲಿನಲ್ಲಿ ಮೊದಲನೆಯವನ ಹೆಸರು ಹೇಳಿ ಮೊದಲ ಬಟ್ಟಲು ಅಂಬಲಿಯನ್ನು ಗುಳಿಗೆ ಎರೆಯುವರು. ಆಮೇಲೆಯೇ ಬದುಕಿದ್ದವರಿಗೆ ಊಟ.

ವಿಚಿತ್ರವೆಂದರೆ, ಈ ಹೊಡೆತ ವರ್ಷ ವರ್ಷ ಬೆಳೆಯುತ್ತಿತ್ತು. ನಾನು ಬಂದ ವರ್ಷ ಅದು ಹನ್ನೆರಡು ಝಕ್ಕು ದಾಟಿತ್ತು. ಮುಂದಿನ ವರ್ಷ ಇನ್ನೂ ನಾಲ್ಕು ದಾಂಡು ಹೆಚ್ಚು. ಪುಣ್ಯವಂತರ ಕೀರ್ತಿ ಸತ್ತ ಮೇಲೆ ಬೆಳೆಯುತ್ತದೆ ಎಂದು ರಾಚಯ್ಯನವರು ಕೈ ಮುಗಿದರು. ನಮ್ಮ ಮನೆಯವರು ತಹಸೀಲ ಕಚೇರಿಯಲ್ಲಿ ಅಹಲಕಾರರು, ಅಂದರೆ ಗುಮಾಸ್ತರು, ಉರ್ದು ಕಲಿತವರು, ಕಾರಣವಿಲ್ಲದೆ ಏನನ್ನೂ ಒಪ್ಪುವವರಲ್ಲ. ಅವರು ಕಾರಣ ಹುಡುಕಿದರು: ನಮ್ಮದು ಎರೆಭೂಮಿ, ಮಳೆ ಹೆಚ್ಚಾದರೆ ಉಬ್ಬುತ್ತದೆ, ಭೂಮಿ ಉಬ್ಬಿದರೆ ಗುಳಿಗೂ ಬಾವಿಗೂ ನಡುವಿನ ದೂರ ಹೆಚ್ಚಾಗಲೇಬೇಕು. ಮರುವರ್ಷ ಮಳೆ ಕೈಕೊಟ್ಟಿತು. ಹೊಡೆತ ಆಗಲೂ ಬೆಳೆಯಿತು. ನಮ್ಮ ಮನೆಯವರು ಹೊಲದಲ್ಲಿ ಅಡ್ಡಾಡಿ ಬಂದು, ನೋಡಿ, ಎಷ್ಟು ದೊಡ್ಡ ಬಿರುಕು ಬಿಟ್ಟಿದೆ, ಒಂದೊಂದು ಬಿರುಕೂ ಒಂದೊಂದು ಬೆರಳು ದೂರ ಸೇರಿಸಿದೆ ಎಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಸಿಸ್ಟರ್ ಕಲಿಸಿದ ಭೂಗೋಳದಲ್ಲಿ ನದಿ, ಪರ್ವತ, ಲಂಡನ್ ಎಲ್ಲ ಇದ್ದವು, ಎರೆಭೂಮಿಯ ಮಾತಿರಲಿಲ್ಲ.

ಇದರಲ್ಲಿ ನೊಂದವನೆಂದರೆ ಶರಣಪ್ಪ ಒಬ್ಬ. ಮೂರು ಊರುಗಳಲ್ಲಿ ಅವನ ಸಮಕ್ಕೆ ಹೊಡೆಯುವವರು ಆಗ ಇರಲಿಲ್ಲ. ಬಾವಿಯ ಕಡೆ ಬಿಳಿಜೋಳ ನಿಂತಿರುತ್ತಿದ್ದರಿಂದ ಅವನು ಬೀಳುಭೂಮಿಯ ಕಡೆ ತಿರುಗಿ ಹೊಡೆಯುತ್ತಿದ್ದ. ಕಟ್ಟೆಯ ಮುದುಕರು ಚಾಂದಸಾಹೇಬನನ್ನೂ ಗಾಣದ ಮಾಣಿಕನನ್ನೂ ಕೆಳಗಿಳಿಸಿ ಅವನಿಗೆ ಎರಡನೆಯ ಸ್ಥಾನ ಕೊಟ್ಟಿದ್ದರು. ಅವನಿಗೆ ಬೇಕಾದದ್ದು ಮೊದಲನೆಯದು. ಅಪ್ಪನ ಹೆಸರಿನ ಮುಂದೆ ತನ್ನ ಹೆಸರು ಬರುವವರೆಗೆ ಬಾಸಿಂಗ ಕಟ್ಟಿಕೊಳ್ಳುವುದಿಲ್ಲ ಎಂದು ಎಲ್ಲರ ಮುಂದೆ ಪಾಂಡವರ ಕಲ್ಲು ಮುಟ್ಟಿದ್ದ. ಅವನು ಒಂದು ವರ್ಷ ಹಿಂದಿನ ಅಳತೆಯನ್ನು ದಾಟಿ ಹೊಡೆದರೆ, ಆ ವರ್ಷವೇ ಅಪ್ಪನ ಹೊಡೆತ ಇನ್ನಷ್ಟು ಮುಂದೆ ಹೋಗಿರುತ್ತಿತ್ತು.

"ಸತ್ತ ಮ್ಯಾಲೂ ಅಪ್ಪ ಆಡಲತ್ತಾನ, ವೈನಿ," ಎಂದು ಒಮ್ಮೆ ನನ್ನ ಮುಂದೆ ಹೇಳಿದ. "ನಾ ಏನು ಮಾಡಲಿ?"

ನಗು ಬಂತು, ಆದರೆ ಅವನ ಮುಖ ನೋಡಿ ನಗಲಿಲ್ಲ. ಉದಗೀರಿನಲ್ಲಿ ಅವನಿಗಾಗಿ ಒಬ್ಬಳು ಹುಡುಗಿ ಕಾಯುತ್ತಿದ್ದಳು. ಕಾಳುಕಡಿಯ ಅಡತಿ ವ್ಯಾಪಾರಿ ವೀರಭದ್ರಪ್ಪನವರ ಮಗಳು ಗಿರಿಜಾ. ಇವನು ಕಿಲ್ಲೆಯ ಬಯಲಿನಲ್ಲಿ ಹೊಡೆದ ವಿಟಿ ಅವರ ಮಾಳಿಗೆಯ ಮೇಲೆ ಬಿದ್ದಿತ್ತಂತೆ. ಅವಳು ಒಣಹಾಕಿದ ಸಂಡಿಗೆ ಪಕ್ಕಕ್ಕೆ ಸರಿಸಿ ವಿಟಿಯನ್ನು ತಿರುಗಿ ಎಸೆದಳು, ಅದು ಓಣಿ ದಾಟಿ ಇವನ ಗುಳಿಯ ಹತ್ತಿರವೇ ಬಂದು ಬಿತ್ತು. ಬೇರೆ ಗಂಡಸರು ಹುಡುಗಿಯ ಕಣ್ಣು, ಜಡೆ ಎನ್ನುತ್ತಾರೆ. ಇವನು ಮನೆಗೆ ಬಂದು ಎರಡು ದಿನ ಅವಳ ಎಸೆತದ ಮಾತಾಡಿದ. ಎರಡೂ ಕಡೆಯವರು ಒಪ್ಪಿದ್ದರು. ಆದರೆ ವೀರಭದ್ರಪ್ಪನವರು ಮೂರು ಸುಗ್ಗಿ ಕಾದು ಬೇಸತ್ತು, ಈ ಎಳ್ಳಮಾಸಿಗೆ ನಿಮ್ಮ ಹೊಲಕ್ಕೇ ಉಣ್ಣಲು ಬರುತ್ತೇನೆ, ವೀಳ್ಯ ತೆಗೆದುಕೊಂಡರೆ ಇಲ್ಲಿಂದ, ಇಲ್ಲವಾದರೆ ಮುರುಮದ ಇನ್ನೊಂದು ವರನ ಕಡೆಯವರಿಂದ ಎಂದು ಹೇಳಿ ಕಳಿಸಿದರು. ಉದಗೀರಿಗೆ ಆಗ ರೈಲು ಬಂದಿತ್ತು. ಅಲ್ಲಿನವರಿಗೆ ಎಲ್ಲದಕ್ಕೂ ಅವಸರ.

ಈಗ ನಮ್ಮ ಅತ್ತೆಯವರ ಮಾತು. ಗಂಡನ ದಾಂಡು ಅವರ ಹತ್ತಿರವೇ ಇರುತ್ತಿತ್ತು. ಅದನ್ನು ಗೋಡೆಗೆ ತೂಗುಹಾಕಿ ಮಾಲೆ ಹಾಕೋಣವೆಂದು ನಮ್ಮ ಮನೆಯವರು ಎಷ್ಟು ಸಲ ಕೇಳಿದರೂ ಕೊಟ್ಟಿರಲಿಲ್ಲ. ನಸುಕಿನಲ್ಲಿ ಎದ್ದರೆ ದಾಂಡು ಕೈಯಲ್ಲಿ. ಕೋಳಿ ಅಟ್ಟುವುದು, ಬೆಕ್ಕನ್ನು ಹೆದರಿಸುವುದು, ಒಲೆಯ ಮುಂದೆ ಕೂತರೆ ಕುಳ್ಳು ಮುಂದಕ್ಕೆ ತಳ್ಳುವುದು, ಕೆಂಡ ಕೆದಕುವುದು, ಎಲ್ಲ ಅದರಿಂದಲೇ. ಕೆದಕುತ್ತ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದರು: ಶೇಂಗಾಕ್ಕೆ ಹುಳ ಬಿದ್ದಿದೆ, ದೊಡ್ಡವನಿಗೆ ಕೆಮ್ಮು, ಸೊಸೆ ಸಾರಿಗೆ ಹುಳಿ ಹೆಚ್ಚು ಮಾಡುತ್ತಾಳೆ. ಮೊದಲು ನನಗೆ ಹೇಳುತ್ತಾರೆಂದುಕೊಂಡು ಹೂಂಗುಟ್ಟುತ್ತಿದ್ದೆ. ನನಗಲ್ಲ, ದಾಂಡಿಗೆಂದು ತಿಳಿದ ಮೇಲೂ ಹುಳಿಯ ಮಾತಿಗೆ ಮಾತ್ರ ಒಮ್ಮೊಮ್ಮೆ ಉತ್ತರ ಕೊಟ್ಟಿದ್ದೇನೆ.

ಎಳ್ಳಮಾಸಿಗೆ ಎರಡು ದಿನ ಮುಂಚೆ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಬಜ್ಜಿ ಎಂಬ ಹಬ್ಬದ ಕಾಳುಪಲ್ಯಕ್ಕೆ ಅವರೆ, ತೊಗರಿ ಸುಲಿಯುತ್ತ ಕೂತಿದ್ದೆವು. ಅತ್ತೆಯವರು ದಾಂಡಿನ ಸುಟ್ಟ ತುದಿಯನ್ನು ಕಲ್ಲಿಗೆ ತಿಕ್ಕಿ ಮಸಿ ತೆಗೆದು ಪಕ್ಕದಲ್ಲಿಟ್ಟರು. ಬಿಸಿಲು ಬೆಳಕಿಂಡಿಯಿಂದ ನೇರ ಅದರ ಮೇಲೆ ಬಿತ್ತು. ಅದಕ್ಕೊಂದು ಹಿತ್ತಾಳೆಯ ಬಳೆ ಇತ್ತು. ನಾನು ಮನೆ ತುಂಬಿದಾಗ ಆ ಬಳೆಯಿಂದ ತುದಿಯವರೆಗೆ ನನ್ನ ಒಂದು ಗೇಣಿನಷ್ಟು ಕಟ್ಟಿಗೆ ಇದ್ದದ್ದು ಚೆನ್ನಾಗಿ ನೆನಪಿತ್ತು. ಹೊಸ ಸೊಸೆ ತಲೆ ಎತ್ತುವಂತಿಲ್ಲ, ಇಂಥವನ್ನೇ ನೋಡುತ್ತ ಕೂತಿರುತ್ತಾಳೆ. ಈಗ ಅಲ್ಲಿ ಎಂಟು ಬೆರಳೂ ಕಷ್ಟ.

"ಅತ್ತೀರಿ, ಈ ಬಳಿ ಮೊದಲ ಎಲ್ಲಿ ಇತ್ರೀ?" ಎಂದು ಕೇಳಿದೆ.

"ನಟ್ಟನಡುವ ಇತ್ತು. ಅವರೇ ಕುಂತು ಹಾಕಿಸಿದ್ದರು. ಯಾಕ?"

"ಈಗ ನಡುವ ಇಲ್ಲರೀ."

ಅವರು ನೋಡಿದರು. ಸವೆಯದೇ ಇರುತ್ತದೇನು, ಇಷ್ಟು ವರ್ಷ ಒಲೆ ಕಂಡಿದೆ ಎಂದರು. ಅಳತೆಯ ಸಂಗತಿ ಅವರಿಗೆ ಹೊಳೆದೇ ಇರಲಿಲ್ಲ. ಗಂಡಸರು ಬಾವಿಯವರೆಗೆ ಬಗ್ಗಿ ಬಗ್ಗಿ ಎಣಿಸುವ ಹೊತ್ತಿಗೆ ಅವರು ಎಂದೂ ತಲೆ ಎತ್ತಿ ನೋಡಿದವರಲ್ಲ. ಅಷ್ಟು ಜನರಿಗೆ ಬಡಿಸುವ ಚಿಂತೆ ಅವರದು. ನಾನು ಸವುಟಿನ ಮೇಲೆ ಹಾಕಿ ಬಿಡಿಸಿ ಹೇಳಿದೆ. ದೊಡ್ಡ ಸವುಟಿನಿಂದ ಬಡಿಸಿದರೆ ಗಡಿಗೆಯ ಸಾರು ಹತ್ತು ಸವುಟು, ಸಣ್ಣ ಸವುಟಿನಿಂದ ಬಡಿಸಿದರೆ ಹದಿನೈದು. ಸಾರು ಮಾತ್ರ ಅಷ್ಟೇ. ಅತ್ತೆಯವರ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಂದ್ರ, ನಾ ಒಲಿ ಕೆದಕಿದಷ್ಟೂ ಅವರು ಮುಂದ ಹೋಗಲತ್ತಾರ."

ನಗು ನಿಂತ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಗಾದರೆ ಶರಣ್ಯಾ, ಎಂದು ಕಿರಿಯ ಮಗನ ಬಗ್ಗೆ ಕೇಳಿದರು. ಅವನು ಹೋದ ವರ್ಷವೇ ಗೆದ್ದಿದ್ದಾನೆ ಎಂದೆ. ಈಗಲೇ ಎಲ್ಲರಿಗೂ ಹೇಳಿಬಿಡೋಣ, ಬಳೆಯವರೆಗಿನ ಉದ್ದಕ್ಕೆ ಎರಡರಷ್ಟು ಹಿಡಿದು ಅಳೆದರೆ ಸರಿಹೋಗುತ್ತದೆ ಎಂದು ನನ್ನ ಕಾನ್ವೆಂಟಿನ ಲೆಕ್ಕವನ್ನೂ ಒಪ್ಪಿಸಿದೆ. ನನ್ನ ವಿದ್ಯೆ ಕಡೆಗೂ ಒಂದು ಉಪಯೋಗಕ್ಕೆ ಬಂತೆಂದು ಒಳಗೊಳಗೆ ಉಬ್ಬಿದ್ದೆ, ಮಳೆಗಾಲದ ಎರೆಭೂಮಿಯ ಹಾಗೆ.

ಅತ್ತೆಯವರು ಬೇಡವೆಂದು ತಲೆಯಾಡಿಸಿದರು. "ಮಂದಿ ಏನಂತಾರ? ಮೊದಲ ನಂಬರಿನಂವಾ ಅಂತಿದ್ದಿವಿ, ಅವನ ಹೊಡೆತ ಹೆಂಡತಿ ಒಲ್ಯಾಗ ಬೆಳದದ್ದು ಅಂತಾರ. ಕಟ್ಟಿ ಮ್ಯಾಲಿನ ಮುದುಕರಿಗಿ ಸಾಯೋ ತನಕ ನಗಲಿಕ್ಕ ಇಷ್ಟು ಸಾಕು." ದಾಂಡನ್ನು ತೊಡೆಯ ಮೇಲೆ ಎತ್ತಿಕೊಂಡರು. "ಮತ್ತ ಇದನ್ನ ನನ್ನ ಕೈಲಿಂದ ಕಸಗೊಂಡು ಗ್ವಾಡಿಗಿ ಹಾಕ್ತಾರ. ಗ್ವಾಡಿಗಿ ಏರಿದವರು ಮನ್ಯಾಗ ಇದ್ದಂಗ ಅಲ್ಲ, ಸುಸೀಲಾ."

ಬೇರೆ ದಾಂಡಿನಿಂದ ಅಳೆದರೆ ಅಯ್ಯನವರು ಒಪ್ಪುತ್ತಾರೇನು ಎಂದು ಕೇಳಿದರು. ಎಂದೂ ಒಪ್ಪುವುದಿಲ್ಲ ಎಂದೆ. ಹೂಂ ಎಂದು ಮತ್ತೆ ಅವರೆ ಸುಲಿಯತೊಡಗಿದರು. ಎರಡು ದಿನ ಬಾಯಿ ಬಿಡಬೇಡ ಎಂದು ಕಟ್ಟಪ್ಪಣೆಯಾಯಿತು. ಹೊಟ್ಟೆಯಲ್ಲಿ ಇಂಥ ಮಾತು ಇಟ್ಟುಕೊಂಡು ಎರಡು ದಿನ ಕಳೆಯುವುದು ಏನೆಂದು ಹೆಂಗಸರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಸಾರಿಗೆ ಉಪ್ಪು ಹಾಕಲಿಲ್ಲ, ಒಂದಕ್ಕೆ ಎರಡು ಸಲ ಹಾಕಿದೆ.

ಎಳ್ಳಮಾಸಿಯ ದಿನ ಬಂಡಿ ಕಟ್ಟಿಕೊಂಡು ಹೋದೆವು. ವೀರಭದ್ರಪ್ಪನವರು ಜರಿಯ ರುಮಾಲು ಸುತ್ತಿಕೊಂಡು ಮೊದಲೇ ಬಂದು ಬನ್ನಿಗಿಡದ ನೆರಳಿನಲ್ಲಿ ಕೂತಿದ್ದರು. ಕೈಯಲ್ಲಿ ಒಂದು ತೆನೆ, ಅದರ ಕಾಳನ್ನು ಅಡತಿಯವರ ಚಾಳಿಯಂತೆ ಹಲ್ಲಿಗೆ ಹಾಕಿ ನೋಡುತ್ತಿದ್ದರು. ಪೂಜೆಯಾಯಿತು, ಚರಗವಾಯಿತು. ಶರಣಪ್ಪ ಹೊಡೆದ. ಆ ಹೊಡೆತ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ವಿಟಿ ಎದ್ದದ್ದು ಕಂಡಿತು, ಆಮೇಲೆ ಬಿಸಿಲಿನಲ್ಲಿ ಕಾಣದಾಯಿತು, ಬೀಳುಭೂಮಿಯ ಆಚೆ ಒಂದು ಹಿಡಿ ದೂಳು ಎದ್ದಿತು. ಅವನ ದಾಂಡಿನಿಂದ ಅಳೆದು ಬಂದು ಹನ್ನೆರಡೂವರೆ ಝಕ್ಕು ಎಂದರು. ತಂದೆಯದು ಹೋದ ವರ್ಷವೇ ಹದಿಮೂರಾಗಿತ್ತು. ಶರಣಪ್ಪ ಮಣ್ಣಿನಲ್ಲೇ ಕುಕ್ಕರಿಸಿದ. ವೀರಭದ್ರಪ್ಪನವರು ತೆನೆ ಕೆಳಗಿಟ್ಟು ಮುರುಮದ ದಾರಿಯ ಕಡೆ ನೋಡಿದರು.

ರಾಚಯ್ಯನವರು ಅಂಗೈ ತಿಕ್ಕಿಕೊಳ್ಳುತ್ತ ಒಲೆಯ ಹತ್ತಿರ ಬಂದರು. ಮೂರು ಕಲ್ಲಿನ ಒಲೆಯ ಮೇಲೆ ಬಜ್ಜಿಯ ಗಡಿಗೆ ಕುದಿಯುತ್ತಿತ್ತು.

"ಅವ್ವಾರ, ದೊಡ್ಡವರ ದಾಂಡು ಕೊಡ್ರಿ. ಅಳತಿ ಮಾಡೋಣು."

ಅತ್ತೆಯವರು ಸವುಟು ಆಡಿಸುವುದನ್ನು ನಿಲ್ಲಿಸಲಿಲ್ಲ. "ಕಟ್ಟಿಗಿ ಕಡಿಮಿ ಬಿತ್ತರೀ. ಒಲ್ಯಾಗ ಇಟ್ಟೀನಿ."

ನಾವೆಲ್ಲ ಬಗ್ಗಿ ನೋಡಿದೆವು. ಅಲ್ಲಿ ಕೆಂಡವೇ ಇತ್ತು, ದಾಂಡು ಇರಲಿಲ್ಲ. ನಮ್ಮ ಮನೆಯವರೇ ಮೊದಲು ಚೇತರಿಸಿಕೊಂಡು, ಹೋದ ವರ್ಷದ ಎಣಿಕೆ ಎಲ್ಲರಿಗೂ ಗೊತ್ತಿದೆ, ಅದನ್ನೇ ಹಿಡಿಯಬಹುದಲ್ಲ ಎಂದರು. ತಮ್ಮನ ಲಗ್ನ ನಿಂತರೂ ಚಿಂತೆಯಿಲ್ಲ, ಕಾಯಿದೆ ನಡೆಯಬೇಕು, ಕಚೇರಿಯ ಜನ.

ಅಯ್ಯನವರು ತಿರುಗಿ ನೋಡಿದರು. "ಹೋದ ವರ್ಷದ ಭೂಮಿ ಬ್ಯಾರೆ, ಈ ವರ್ಷದ ಭೂಮಿ ಬ್ಯಾರೆ ಅಂತ ನೀವೇ ಹೇಳಿದ್ದಿಲ್ಲೇನ್ರಿ? ಹಳೀ ಎಣಕಿ ಹ್ಯಾಂಗ ನಡೀತದ?"

ಆ ಒಂದು ಸಲ ಮಾತ್ರ ನನಗೆ ಎರೆಭೂಮಿಯ ಮೇಲೆ ಭಕ್ತಿ ಬಂತು.

ರಾಚಯ್ಯನವರು ಗುಳಿಯ ಹತ್ತಿರ ಹೋಗಿ ನಿಂತರು. ದಾಂಡಿಲ್ಲದ ಮೇಲೆ ಅಳತೆಯಿಲ್ಲ, ಅಳತೆಯಿಲ್ಲದವರಿಗೆ ನಂಬರು ಕೊಡುವ ಅಧಿಕಾರ ತಮಗಿಲ್ಲ ಎಂದು ಕಡೆಗೆ ತೀರ್ಪು ಕೊಟ್ಟರು. ದೊಡ್ಡವರು ಸಾಲಿಗೇ ಸೇರದವರಾದರು. ಉಳಿದವರಲ್ಲಿ ಶರಣಪ್ಪ ಮೊದಲನೆಯವನು. ವರ್ಷಕ್ಕೊಮ್ಮೆ ಗೆಳೆಯನ ದಾಂಡು ಮುಟ್ಟುವ ಭಾಗ್ಯ ಅವರಿಗೂ ತಪ್ಪಿತ್ತು.

ಶರಣಪ್ಪ ಮಾತ್ರ ಏಳಲೊಲ್ಲ. ತಾನು ಅಪ್ಪನನ್ನು ದಾಟಿಲ್ಲ, ಹೀಗೆ ಸಿಕ್ಕ ಸ್ಥಾನ ತನಗೆ ಬೇಡ ಎಂದು ಮುಖ ಕೆಳಗೆ ಹಾಕಿದ. ನನ್ನ ನಾಲಿಗೆಯ ತುದಿಗೆ ಎಲ್ಲ ಬಂತು. ಅತ್ತೆಯವರು ನನ್ನ ಕಡೆ ಒಮ್ಮೆ ನೋಡಿದರು, ಅದು ಹಿಂದಕ್ಕೆ ಹೋಯಿತು. ಅವರೇ ಎದ್ದು ಅಂಬಲಿಯ ಬಟ್ಟಲನ್ನು ಮಗನ ಮುಂದೆ ಹಿಡಿದರು.

"ನಿಮ್ಮಪ್ಪ ಉಂಡು ಪಂಕ್ತಿಲಿಂದ ಎದ್ದು ಹೋಗ್ಯಾರ. ಎದ್ದವರ ಜಾಗಾದಾಗ ಕುಂತರ ಅವರನ್ನ ಎಬ್ಬಿಸಿದಂಗ ಆಗಂಗಿಲ್ಲ. ಕುಂಡ್ರು. ಹೊರಗ ಮಂದಿ ಕಾಯಲತ್ತಾರ."

ಹೊರಗೆ ಕಾಯುತ್ತಿದ್ದ ಮಂದಿ ಯಾರೆಂದು ಎಲ್ಲರಿಗೂ ತಿಳಿಯಿತು. ವೀರಭದ್ರಪ್ಪನವರು ಕೆಮ್ಮಿದರು. ಶರಣಪ್ಪ ಬಟ್ಟಲು ತೆಗೆದುಕೊಂಡ. ಗುಳಿಗೆ ಎರೆಯುವಾಗ ಅರ್ಧ ಅಂಬಲಿ ಅಯ್ಯನವರ ಕಾಲ ಮೇಲೆ ಬಿತ್ತು. ಬಜ್ಜಿ ಉಂಡು ವೀಳ್ಯ ಬದಲಾಯಿತು. ಅಂದಿನ ಬಜ್ಜಿ ಬಹಳ ಚೆನ್ನಾಗಿತ್ತೆಂದು ವೀರಭದ್ರಪ್ಪನವರು ಎರಡು ಸಲ ಹಾಕಿಸಿಕೊಂಡರು. ಅತ್ತೆಯವರು ಒಂದು ತುತ್ತೂ ಮುಟ್ಟಲಿಲ್ಲ.

ತಿರುಗಿ ಬರುವಾಗ ಬಂಡಿಯಲ್ಲಿ ಅವರ ಬಲಗೈ ತೊಡೆಯ ಮೇಲೆ ಸುಮ್ಮನೆ ತೆರೆಯುತ್ತ ಮುಚ್ಚುತ್ತ ಇತ್ತು. ನಾನು ನನ್ನ ಕೈ ಕೊಟ್ಟೆ. ದಾಂಡು ಹಿಡಿದ ಹಾಗೆಯೇ ಹಿಡಿದುಕೊಂಡರು. ಊರು ಬರುವ ಹೊತ್ತಿಗೆ ನನ್ನ ಬೆರಳುಗಳಲ್ಲಿ ಜೀವ ಇರಲಿಲ್ಲ.

ಗಿರಿಜಾ ನಮ್ಮ ಮನೆ ತುಂಬಿದಳು. ಬೆಳಕಿಂಡಿಯಿಂದ ಬಿದ್ದ ವಿಟಿಯನ್ನು ಈಗ ಅವಳೇ ಅದೇ ಬೆಳಕಿಂಡಿಯಿಂದ ಮೇಲಕ್ಕೆ ಎಸೆಯುತ್ತಾಳೆ. ನಾನು ಹಿಟ್ಟು ನಾದುವುದನ್ನು ನಿಲ್ಲಿಸಬೇಕಾಗಿಲ್ಲ. ಶರಣಪ್ಪ ಸಾಲಿನಲ್ಲಿ ಮೊದಲನೆಯವನಾಗಿಯೇ ಉಳಿದ. ಆದರೆ ಕಟ್ಟೆಯ ಮೇಲೆ ಅವನ ಮಾತು ಯಾರೂ ಎತ್ತುವುದಿಲ್ಲ. ಅಳೆದ ಹೊಡೆತದಲ್ಲಿ ವಾದಕ್ಕೆ ಏನಿದೆ? ಎಲ್ಲರ ಬಾಯಲ್ಲೂ ಮಾವನವರದೇ. ಹಿಡಿದು ನಿಲ್ಲಿಸುವ ದಾಂಡು ಇಲ್ಲದ್ದರಿಂದ ಅವರ ವಿಟಿ ಬಾವಿ ದಾಟಿತು. ಮರುವರ್ಷ ಔರಾದದ ದಾರಿಗೆ ಹೋಗಿ ಬಿತ್ತು. ರಾಚಯ್ಯನವರೇ ಅದನ್ನು ಮಾಂಜ್ರಾ ನದಿ ದಾಟಿಸಿದರು. ಹೋದ ಶ್ರಾವಣದಲ್ಲಿ ಒಂದು ಸಂಜೆ ನಾವು ಮೂವರು ಹೆಂಗಸರು ಒಳಗೆ ಜೋಳ ಹಸನು ಮಾಡುತ್ತ ಕೂತಿದ್ದಾಗ, ಆ ವಿಟಿ ಉದಗೀರ ಕಿಲ್ಲೆಯ ಗೋಡೆಗೆ ಬಡಿದು ಅಲ್ಲೊಂದು ಕಲ್ಲು ಕಿತ್ತು ಬಂದದ್ದನ್ನು ತಾನು ಚಿಕ್ಕಂದಿನಲ್ಲಿ ನೋಡಿದ್ದೇನೆಂದು ಹೊರಗೆ ಯಾರೋ ಆಣೆ ಮಾಡಿ ಹೇಳುತ್ತಿದ್ದರು. ಕಿವಿಗೊಟ್ಟು ಕೇಳಿದರೆ, ಅದು ಶರಣಪ್ಪನ ದನಿ.

ಗಿರಿಜಾ ನಗು ತಡೆಯಲಾರದೆ, ಖರೇನೇ ಎಲ್ಲಿ ಬಿದ್ದಿತ್ತು ಅತ್ತೀರಿ ಎಂದು ಕೇಳಿದಳು. ಆ ಹೊತ್ತು ಬಾವಿಯ ಹತ್ತಿರ ಯಾರಾದರೂ ಇದ್ದರೇನು ಎಂದು ನಾವು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಅತ್ತೆಯವರು ಮೊರದಲ್ಲಿ ಜೋಳ ಕೇರುತ್ತಲೇ ಹೇಳಿದರು. "ಬಿದ್ದಿಲ್ಲ ಅದು. ಬಾವಿ ದಂಡಿ ಮ್ಯಾಲ ನಾ ನೀರು ಸೇದಲಿಕ್ಕ ನಿಂತಿದ್ದೆ. ಲಗ್ನ ಆಗಿ ಹೊಸದು, ಇನ್ನ ಅವರ ಸಂಗಾಟ ಬಾಯಿಬಿಟ್ಟು ಮಾತಾಡಿದ್ದಿಲ್ಲ. ನನ್ನ ಕೊಡಕ್ಕ ಬಡದು ಅಲ್ಲೇ ನಿಂತಿತು. ನಾ ಇಲ್ಲದಿದ್ದರ ಎಲ್ಲಿ ತನಕ ಹೋಗ್ತಿತ್ತೋ ಯಾರಿಗಿ ಗೊತ್ತು."

ಮೊರವನ್ನು ಒಮ್ಮೆ ಕೊಡವಿ, ಮೇಲೆ ಬಂದ ಹೊಟ್ಟನ್ನು ಬಾಯಿಂದ ಊದಿದರು.

"ಅವರು ದೂರ ಹೊಡೀಲಿಕ್ಕ ಹೊಡದದ್ದಲ್ಲ, ಯವ್ವಾ. ನನ್ನ ಕಡಿ ಹೊಡದದ್ದು."